ರೆಕ್ಟಮ್‌ನ ಸಣ್ಣ ಹಳದಿ ಗಂಟು: ಕೊಲೊನೊಸ್ಕೋಪಿಯಲ್ಲಿ ನ್ಯೂರೋಎಂಡೋಕ್ರೈನ್ ಟ್ಯೂಮರ್ ಗುರುತಿಸಲು ಒಂದು ಸಮಗ್ರ ಮಾರ್ಗದರ್ಶಿ

ರೆಕ್ಟಮ್‌ನಲ್ಲಿ (ದೊಡ್ಡ ಕರುಳಿನ ಕೊನೆಯ ಭಾಗ) 5 ಮಿ.ಮೀ. ಪಾಲಿಪ್ (ಒಳಪದರದ ಸಣ್ಣ ಬೆಳವಣಿಗೆ) ಕಂಡರೆ ಕೋಲ್ಡ್ ಸ್ನೇರ್ (ಕರೆಂಟ್ ಇಲ್ಲದ ತಂತಿಯ ಕುಣಿಕೆ) ಹಾಕಿ ತೆಗೆಯುವುದು ಈಗ ಎಲ್ಲರಿಗೂ ಕೈ ಅಭ್ಯಾಸ. ಕೆಲವು ಸೆಕೆಂಡಿನ ಕೆಲಸ, ರಕ್ತವೂ ಜಾಸ್ತಿ ಬರುವುದಿಲ್ಲ. ಆದರೆ ಆ ಸಾಲಿನಲ್ಲೇ ಅಪರೂಪಕ್ಕೊಮ್ಮೆ ಪಾಲಿಪ್ ಅಲ್ಲದ ಒಂದು ಗಂಟು ಬಂದು ಕೂತಿರುತ್ತದೆ. ಅದನ್ನೂ ಅದೇ ಕೈಯಲ್ಲಿ ಕತ್ತರಿಸಿದರೆ ತಲೆ ಮಾತ್ರ ಬರುತ್ತದೆ, ಬುಡ ಗೋಡೆಯಲ್ಲೇ ಉಳಿಯುತ್ತದೆ. ಎರಡು ವಾರದ ಮೇಲೆ ಲ್ಯಾಬ್‌ನಿಂದ ‘ನ್ಯೂರೋಎಂಡೋಕ್ರೈನ್ ಟ್ಯೂಮರ್, ಡೀಪ್ ಮಾರ್ಜಿನ್ ಪಾಸಿಟಿವ್’ ಎಂಬ ಕಾಗದ ಬರುತ್ತದೆ, ಕತ್ತರಿಸಿದ ತಳದ ಅಂಚಿನಲ್ಲೂ ಗಡ್ಡೆ ಇದೆ ಎಂದರ್ಥ. ಆಗ ತೆಗೆದ ಜಾಗ ಎಲ್ಲಿತ್ತು ಎಂದು ಹುಡುಕುವ ಕೆಲಸ ಶುರು.

ಈ ಬರಹ ಮುಖ್ಯವಾಗಿ ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯಂಥ ಊರುಗಳಲ್ಲಿ ಸ್ಕೋಪ್ ಹಾಕುವ ಸರ್ಜನ್ ಮತ್ತು ಫಿಸಿಶಿಯನ್‌ಗಳಿಗೆ. ಸ್ಕೋಪ್ ರೂಮಿನ ಸಿಸ್ಟರ್, ಟೆಕ್ನಿಶಿಯನ್‌ಗಳಿಗೂ ಹೌದು. ಎಷ್ಟೋ ಸಲ ಪರದೆಯ ಮೇಲೆ ಮೊದಲು ‘ಅದು ಎಂತ ಸರ್?’ ಎಂದು ಕೇಳುವವರು ಅವರೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ವಿಷಯಕ್ಕೆ ಒಂದು ತೂಕ ಜಾಸ್ತಿ ಇದೆ. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಸೋಷಿಯಲ್ ಮೀಡಿಯಾದಲ್ಲಿ ಕೂಗೆಬ್ಬಿಸಿದ್ದು ಎಲ್ಲರಿಗೂ ನೆನಪಿದೆ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಸ್ಕೋಪಿನ ತುದಿಯಿಂದ ಗಂಟಿನ ಆಳ ನೋಡುವುದು), ಇಎಸ್‌ಡಿ (ಸ್ಕೋಪಿನಲ್ಲೇ ಗಂಟನ್ನು ಬುಡಸಮೇತ ಬಿಡಿಸಿ ತೆಗೆಯುವುದು) ಅಂಥದ್ದು ಬೇಕೆಂದರೆ ನಮ್ಮವರು ಸಾಮಾನ್ಯವಾಗಿ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುತ್ತಾರೆ. ಹಾಗಿರುವಾಗ ಇಲ್ಲಿ ಸ್ಕೋಪ್ ಹಾಕುವವರು ಕಂಡದ್ದನ್ನು ಗುರುತಿಸಿ, ಕೆಡಿಸದೆ, ಸರಿಯಾಗಿ ಬರೆದು ಕಳಿಸಿದರೆ ಚಿಕಿತ್ಸೆಯ ದೊಡ್ಡ ಪಾಲು ಮುಗಿದ ಹಾಗೆಯೇ.

ಏನನ್ನು ಹುಡುಕುತ್ತಿದ್ದೇವೆ

ಹಾರ್ಮೋನ್ ತಯಾರಿಸುವ ಸಣ್ಣ ಸಣ್ಣ ಕೋಶಗಳು ಕರುಳಿನ ಉದ್ದಕ್ಕೂ ಇರುತ್ತವೆ. ಅವುಗಳಿಂದ ಹುಟ್ಟುವ ಗಂಟೇ ನ್ಯೂರೋಎಂಡೋಕ್ರೈನ್ ಟ್ಯೂಮರ್. ಬಾಯ್ಮಾತಿನಲ್ಲಿ ನೆಟ್ ಅನ್ನುತ್ತೇವೆ. ಹಳೆಯ ರಿಪೋರ್ಟ್‌ಗಳಲ್ಲಿ ಕಾರ್ಸಿನಾಯ್ಡ್ ಎಂದಿರುತ್ತದೆ, 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಕೊಟ್ಟ ಹೆಸರು.

ಕೊಲೊನೊಸ್ಕೋಪಿಯಲ್ಲಿ ಇದು ಮೂರು ಕಡೆ ಸಿಗಬಹುದು. ಒಂದು ರೆಕ್ಟಮ್. ಇನ್ನೊಂದು ಸಣ್ಣ ಕರುಳಿನ ತುದಿ, ಅಂದರೆ ಟರ್ಮಿನಲ್ ಇಲಿಯಮ್. ಮೂರನೆಯದು ಸೀಕಮ್ (ದೊಡ್ಡ ಕರುಳು ಶುರುವಾಗುವ ಜಾಗ) ಮತ್ತು ಬಲಭಾಗದ ಕೊಲೊನ್ (ದೊಡ್ಡ ಕರುಳು). ಮೂರೂ ಒಂದೇ ಸ್ವಭಾವದವಲ್ಲ. ರೆಕ್ಟಮ್‌ನದು ಹೆಚ್ಚಾಗಿ ಸಣ್ಣದು, ನಿಧಾನ, ಹಾರ್ಮೋನಿನ ತೊಂದರೆ ಕೊಡುವುದು ತೀರಾ ಕಡಿಮೆ. ಇಲಿಯಮ್‌ನದು ಸಣ್ಣದಿದ್ದರೂ ದುಗ್ಧಗ್ರಂಥಿಗಳಿಗೆ (ಲಿಂಫ್ ಗಂಟು), ಲಿವರ್‌ಗೆ ಹರಡುವ ಜಾತಿ. ಕೊಲೊನ್‌ನದು ಬಹಳ ವಿರಳ. ಸಿಗುವಾಗ ಹೆಚ್ಚಾಗಿ ದೊಡ್ಡದಾಗಿಯೇ ಸಿಗುತ್ತದೆ.

ಸ್ಕ್ರೀನಿಂಗ್ ಕೊಲೊನೊಸ್ಕೋಪಿ ನಡೆಯುವ ದೇಶಗಳ ಲೆಕ್ಕದಲ್ಲಿ ಸುಮಾರು ಒಂದೂವರೆಯಿಂದ ಎರಡು ಸಾವಿರ ಸ್ಕೋಪಿಗೆ ಒಂದು ರೆಕ್ಟಲ್ ನೆಟ್ ಸಿಗುತ್ತದೆ. ಅಂದರೆ ವರ್ಷಕ್ಕೆ ಕೆಲವೇ ನೂರು ಸ್ಕೋಪ್ ಹಾಕುವ ಊರಿನಲ್ಲಿ ಹಲವು ವರ್ಷಕ್ಕೊಮ್ಮೆ. ಅದಕ್ಕೇ ಕಣ್ಣಿಗೆ ರೂಢಿ ಆಗುವುದಿಲ್ಲ. ರೂಢಿಯ ಬದಲು ಒಂದು ಕ್ರಮ ಇಟ್ಟುಕೊಳ್ಳಬೇಕು.

ತಯಾರಿ: ಮುರುಗಲು, ಕವಳ, ಬಸ್ಸು

5 ಮಿ.ಮೀ. ಗಂಟು ಕಾಣಬೇಕೆಂದರೆ ಕರುಳು ಚೊಕ್ಕ ಇರಬೇಕು. ಪುಸ್ತಕದ ಡಯಟ್ ಚಾರ್ಟ್ ಕೊಟ್ಟರೆ ನಮ್ಮ ಜನಕ್ಕೆ ಅರ್ಧ ಅರ್ಥವಾಗುವುದಿಲ್ಲ. ಅವರ ಅಡುಗೆಮನೆಯ ಮಾತಲ್ಲೇ ಹೇಳಿ.

ಎರಡು-ಮೂರು ದಿನ ಮೊದಲಿನಿಂದ ಸೊಪ್ಪಿನ ತಂಬುಳಿ, ಬಸಳೆ, ಹಲಸು, ಎಳ್ಳು, ಕೆಂಪು ಕುಚ್ಚಲಕ್ಕಿ ಬೇಡ. ಬಿಳಿ ಅನ್ನ, ತಿಳಿ ಸಾರು, ಇಡ್ಲಿ ಸಾಕು. ಮೀನು ತಿನ್ನುವವರು ಮುಳ್ಳು, ಸಿಪ್ಪೆಯಿಲ್ಲದ ಮೀನನ್ನು ಬೇಯಿಸಿ ತಿನ್ನಬಹುದು. ಹಿಂದಿನ ದಿನ ಗಂಜಿಯ ತಿಳಿ, ಎಳನೀರು, ಸೋಸಿದ ನಿಂಬೆ ಪಾನಕ. ಇಲ್ಲಿ ಒಂದು ಮಾತು ಮರೆಯದೆ ಹೇಳಬೇಕು: ಮುರುಗಲು ಪಾನಕ ಬೇಡ, ಸೋಲ್ ಕಡಿ ಬೇಡ. ‘ದ್ರವ ಕುಡಿಯಿರಿ’ ಎಂದರೆ ಕರಾವಳಿಯಲ್ಲಿ ಮೊದಲು ನೆನಪಾಗುವುದೇ ಅದು. ಕೆಂಪು ದ್ರವ ಕರುಳಲ್ಲಿ ನಿಂತರೆ ರಕ್ತದ ಹಾಗೆ ಕಾಣುತ್ತದೆ, ಗೋಡೆಯ ಬಣ್ಣವನ್ನೂ ಕೆಡಿಸುತ್ತದೆ. ನಾವು ಹುಡುಕುತ್ತಿರುವುದು ನಸು ಹಳದಿ ಬಣ್ಣವನ್ನು, ನೆನಪಿರಲಿ. ಕವಳವೂ (ಎಲೆ-ಅಡಿಕೆ) ಬಂದ್. ‘ಊಟ ಅಲ್ವಲ್ಲ’ ಎಂದು ಬೆಳಿಗ್ಗೆ ಬಾಯಿ ಕೆಂಪು ಮಾಡಿಕೊಂಡೇ ಬರುವವರು ಇದ್ದಾರೆ. ಐರನ್ ಮಾತ್ರೆ ಇದ್ದರೆ ಐದಾರು ದಿನ ಮೊದಲೇ ನಿಲ್ಲಿಸಿ.

ಪೆಗ್ ದ್ರಾವಣ (ಕರುಳು ತೊಳೆಯುವ ಔಷಧ) ಎರಡು ಪಾಲು. ಅರ್ಧ ಹಿಂದಿನ ಸಂಜೆ, ಅರ್ಧ ಸ್ಕೋಪಿಗೆ ನಾಲ್ಕರಿಂದ ಆರು ಗಂಟೆ ಮೊದಲು. ಕನಿಷ್ಠ ಎರಡು ಗಂಟೆ ಮೊದಲು ಕುಡಿದು ಮುಗಿಸಿರಬೇಕು. ಈಗ ಲೆಕ್ಕ ಹಾಕಿ. ಜೋಯಿಡಾದಿಂದಲೋ ಯಲ್ಲಾಪುರದಿಂದಲೋ ಬರುವವರಿಗೆ ಬೆಳಿಗ್ಗೆ ಒಂಬತ್ತರ ಟೈಮ್ ಕೊಟ್ಟರೆ ಎರಡನೇ ಪಾಲು ಕುಡಿದು ಘಟ್ಟದ ಬಸ್ಸಲ್ಲಿ ಕೂರಬೇಕು. ಯಾರೂ ಕೂರುವುದಿಲ್ಲ, ಸುಮ್ನೆ ಎರಡನೇ ಪಾಲು ಬಿಟ್ಟು ಬರುತ್ತಾರೆ. ಬಲಭಾಗದ ಕೊಲೊನ್‌ ಪೂರ್ತಿ ಕೊಳಕು. ದೂರದವರಿಗೆ ಮಧ್ಯಾಹ್ನದ ಟೈಮ್ ಕೊಡಿ, ಇಲ್ಲವೇ ಹಿಂದಿನ ರಾತ್ರಿ ಊರಲ್ಲೇ ನೆಂಟರ ಮನೆಯಲ್ಲಿ ಉಳಿಯಲು ಹೇಳಿ. ಇದನ್ನು ಸಿಸ್ಟರ್ ಫೋನಿನಲ್ಲಿ ಕೇಳಿ ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಬಾಸ್ಟನ್ ಸ್ಕೋರ್ (ಕರುಳು ಎಷ್ಟು ಚೊಕ್ಕ ಎಂಬ ಅಂಕ) ಬರೆಯುವ ಅಭ್ಯಾಸ ಇರಲಿ. ಮೂರು ಭಾಗಕ್ಕೂ ತಲಾ 2 ಅಥವಾ ಹೆಚ್ಚು ಬಂದರೆ ಮಾತ್ರ ‘ಚೆನ್ನಾಗಿ ನೋಡಿದ್ದೇವೆ’ ಅನ್ನಬಹುದು.

ಹಂತ 1: ಮೊದಲು ಬೆರಳು

ಜೆಲ್ಲಿ ಹಚ್ಚಿ ಬೆರಳಿನ ಪರೀಕ್ಷೆ ಮಾಡುವುದನ್ನು ಸ್ಕೋಪ್ ಒಳಗೆ ಬಿಡಲು ದಾರಿ ಮಾಡಿಕೊಳ್ಳುವುದಕ್ಕಷ್ಟೇ ಮಾಡಬೇಡಿ. ರೆಕ್ಟಲ್ ನೆಟ್ ಹೆಚ್ಚಾಗಿ ಗುದದ್ವಾರದಿಂದ 5ರಿಂದ 10 ಸೆಂ.ಮೀ. ಒಳಗೆ ಇರುತ್ತದೆ. ಬೆರಳು ಏಳೆಂಟು ಸೆಂ.ಮೀ. ಮುಟ್ಟುತ್ತದೆ. ಸುತ್ತಲೂ ನಿಧಾನ ತಿರುಗಿಸಿ. ಮೆತ್ತಗಿನ ಪದರದ ಕೆಳಗೆ ಗಟ್ಟಿಯಾಗಿ, ಆಚೀಚೆ ಸರಿಯುವ ಸಣ್ಣ ಗುಂಡಿ ಸಿಕ್ಕರೆ ಅದನ್ನು ಆಗಲೇ ಜೋರಾಗಿ ಹೇಳಿ, ಸಿಸ್ಟರ್ ಬರೆದುಕೊಳ್ಳಲಿ.

‘ಮೂಲವ್ಯಾಧಿ ಅಷ್ಟೇ’ ಎಂದು ಪ್ರಾಕ್ಟೋಸ್ಕೋಪ್‌ನಲ್ಲೇ ಮುಗಿಸುವ ಕಡೆ ತಪ್ಪಿಹೋಗುವುದು ಇದೇ ಜಾಗ. ಪೈಲ್ಸ್ ಕೆಳಗಿರುತ್ತದೆ, ಗಂಟು ಅದಕ್ಕಿಂತ ನಾಲ್ಕು ಬೆರಳು ಮೇಲೆ.

ಹಂತ 2: ಸೀಕಮ್‌ಗೆ ಹೋದವರು ಇಲಿಯಮ್‌ಗೂ ಇಣುಕಿ

ಸೀಕಮ್ ಮುಟ್ಟಿದ ಮೇಲೆ ಇಲಿಯೋಸೀಕಲ್ ವಾಲ್ವ್ ದಾಟಿ ಒಂದಷ್ಟು ಸೆಂ.ಮೀ. ಒಳಗೆ ಹೋಗುವ ಅಭ್ಯಾಸ ಎಲ್ಲರಿಗೂ ಇಲ್ಲ. ಟೈಮ್ ಇಲ್ಲ, ರೋಗಿ ನರಳುತ್ತಾನೆ, ಕಾರಣ ಹಲವು. ಎಲ್ಲರಿಗೂ ಮಾಡಲಾಗದಿದ್ದರೂ ಕೆಲವರಿಗೆ ಬಿಡಲೇಬಾರದು: ವರ್ಷಗಟ್ಟಲೆ ಭೇದಿ ಇರುವವರು, ಮುಖಕ್ಕೆ ಬಿಸಿ ಏರಿ ಕೆಂಪಾಗುತ್ತದೆ ಅನ್ನುವವರು, ಊಟವಾದ ಮೇಲೆ ಹೊಟ್ಟೆ ಹಿಡಿದು ಬಿಡುವವರು, ಕಾರಣ ಗೊತ್ತಾಗದ ರಕ್ತಹೀನತೆ ಇರುವವರು. ಇವರಲ್ಲಿ ಎಷ್ಟೋ ಜನ ‘ಐಬಿಎಸ್’ (ಕರುಳಿನ ಕಿರಿಕಿರಿ) ಎಂಬ ಚೀಟಿ ಹಿಡಿದುಕೊಂಡೇ ಓಡಾಡುತ್ತಿರುತ್ತಾರೆ.

ಇಲಿಯಮ್‌ನಲ್ಲಿ ನೋಡಬೇಕಾದ್ದು ನಯವಾದ ಉಬ್ಬು. ಮೇಲಿನ ವಿಲ್ಲೈ (ಒಳಪದರದ ಕೂದಲಿನಂಥ ಎಳೆಗಳು) ಹಾಗೇ ಇರುತ್ತದೆ, ಅಥವಾ ನೆತ್ತಿಯಲ್ಲಿ ಸ್ವಲ್ಪ ಸವೆದಿರುತ್ತದೆ. ಒಂದು ಸಿಕ್ಕರೆ ಇನ್ನೊಂದಕ್ಕೆ ಹುಡುಕಿ. ಇಲಿಯಮ್‌ನಲ್ಲಿ ಹಲವು ಗಂಟು ಒಟ್ಟಿಗೇ ಇರುವುದು ಅಪರೂಪವಲ್ಲ. ಯುವಕರಲ್ಲಿ ಸಾಲಾಗಿ ಕಾಣುವ ಸಣ್ಣ ಲಿಂಫಾಯ್ಡ್ ಗುಳ್ಳೆಗಳಿಗೆ ಹೆದರಬೇಡಿ. ಅವು ಎಲ್ಲ ಒಂದೇ ಅಳತೆಯವು, ಮೆತ್ತಗೆ, ತುಂಬಾ ಇರುತ್ತವೆ.

ಇಲಿಯಮ್ ಸ್ಕೋಪ್ ನಾರ್ಮಲ್ ಬಂತು ಎಂದರೆ ಇಲಿಯಲ್ ನೆಟ್ ಇಲ್ಲವೆಂದಲ್ಲ. ನಾವು ನೋಡುವುದು ಕೊನೆಯ ಗೇಣುದ್ದ ಮಾತ್ರ. ಲಕ್ಷಣ ಬಲವಾಗಿದ್ದರೆ ಸಿಟಿ ಎಂಟರೋಗ್ರಫಿಗೆ (ಸಣ್ಣ ಕರುಳಿನ ಸಿಟಿ ಸ್ಕ್ಯಾನ್) ಬರೆಯಿರಿ.

ಸೀಕಮ್ ಅಥವಾ ಬಲ ಕೊಲೊನ್‌ನಲ್ಲಿ ದೊಡ್ಡ, ಹುಣ್ಣಾದ ಗಡ್ಡೆ ಕಂಡರೆ ಕಣ್ಣಿನಿಂದ ನೆಟ್ಟೋ, ಸಾಮಾನ್ಯ ಕ್ಯಾನ್ಸರೋ, ಉಗ್ರ ಜಾತಿಯ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾವೋ ಹೇಳಲು ಬರುವುದಿಲ್ಲ. ಅಲ್ಲಿ ಬಯಾಪ್ಸಿಯೇ ದಾರಿ, ಧಾರಾಳವಾಗಿ ಆರೆಂಟು ತುಣುಕು ತೆಗೆಯಿರಿ. ಮುಂದೆ ‘ಮುಟ್ಟಬೇಡಿ’ ಎಂದು ಹೇಳಲಿರುವುದು ರೆಕ್ಟಮ್‌ನ ಸಣ್ಣ ಗಂಟಿಗೆ ಮಾತ್ರ.

ಹಂತ 3: ಹೊರಬರುವಾಗ ಕೊನೆಯ 15 ಸೆಂ.ಮೀ.

ಸ್ಕೋಪ್ ಹೊರತೆಗೆಯುವಾಗ ಕನಿಷ್ಠ ಆರು ನಿಮಿಷ ನೋಡಬೇಕು ಎಂಬುದು ಎಲ್ಲರಿಗೂ ಗೊತ್ತು. ಈಗ ಎಂಟು ಎನ್ನುವವರೂ ಇದ್ದಾರೆ. ಆದರೆ ರೆಕ್ಟಮ್ ಬರುವಷ್ಟರಲ್ಲಿ ಮನಸ್ಸು ಮುಂದಿನ ಕೇಸಿಗೆ ಹೋಗಿರುತ್ತದೆ. ಸಿಸ್ಟರ್ ಗಾಳಿ ಹೀರಿ ಅನ್ನುತ್ತಾರೆ, ರೋಗಿ ಏಳಲು ನೋಡುತ್ತಾನೆ, ಕೊನೆಯ 15 ಸೆಂ.ಮೀ. ಒಂದೇ ಎಳೆತಕ್ಕೆ ಮುಗಿಯುತ್ತದೆ.

ರೆಕ್ಟಮ್‌ನಲ್ಲಿ ಸಾಮಾನ್ಯವಾಗಿ ಮೂರು ಅಡ್ಡ ಮಡಿಕೆಗಳಿವೆ, ಹ್ಯೂಸ್ಟನ್ ವಾಲ್ವ್ ಅನ್ನುತ್ತಾರೆ. ಪ್ರತಿ ಮಡಿಕೆಯ ಹಿಂಬದಿಗೂ ಸ್ಕೋಪಿನ ತುದಿ ಬಗ್ಗಿಸಿ ನೋಡಿ. ಆಮೇಲೆ ರೆಟ್ರೋಫ್ಲೆಕ್ಷನ್, ಅಂದರೆ ತುದಿ ಹಿಂದಕ್ಕೆ ತಿರುಗಿಸಿ ಮೇಲಿನಿಂದ ಗುದದ್ವಾರದ ಕಡೆಗೆ ನೋಡುವುದು. ರೆಕ್ಟಮ್ ಚಿಕ್ಕದಿದ್ದರೆ, ಉರಿಯೂತ ಜೋರಿದ್ದರೆ ಇದನ್ನು ಬಲವಂತ ಮಾಡಬೇಡಿ.

ಇನ್ನೊಂದು ಕಿವಿಮಾತು. ಗಾಳಿ ತುಂಬಿ ರೆಕ್ಟಮ್ ಪೂರ್ತಿ ಹಿಗ್ಗಿಸಿದಾಗ 4–5 ಮಿ.ಮೀ. ಗಂಟು ಗೋಡೆಗೆ ಅಂಟಿ ಸಪಾಟಾಗುತ್ತದೆ. ಒಮ್ಮೆ ತುಂಬಿ ನೋಡಿ, ಒಮ್ಮೆ ಅರ್ಧ ಗಾಳಿ ಹೀರಿ ನೋಡಿ. ಗಾಳಿ ಇಳಿಯುತ್ತಿದ್ದಂತೆ ಸುತ್ತಲಿನ ಗೋಡೆ ಸಡಿಲವಾಗಿ ಮುದುಡುತ್ತದೆ, ಗಂಟು ಮಾತ್ರ ಆಕಾರ ಬಿಡದೆ ಮೇಲೇಳುತ್ತದೆ. ನೀರು ತುಂಬಿಸಿ ನೋಡಿದರೂ ಹೀಗೇ. ಸಪಾಟಾಗಿದ್ದದ್ದು ಎದ್ದು ಬರುವ ಆ ಎರಡು ಸೆಕೆಂಡಿಗೆ ಕಾಯುವ ತಾಳ್ಮೆ ಬೇಕು.

ಹಂತ 4: ಗಂಟು ಕಂಡಿತು. ಈಗ ಕೇಳಬೇಕಾದ್ದು

ಮೊದಲು ಬಣ್ಣ. ಒಳ್ಳೆಯ ಬಿಳಿ ಬೆಳಕಿನಲ್ಲಿ ನೆಟ್ ನಸು ಹಳದಿ, ಕೆಲವೊಮ್ಮೆ ಬಿಳಿ ಕಲೆತ ಹಳದಿ. ಸುತ್ತಲಿನ ಗುಲಾಬಿ ಗೋಡೆಗಿಂತ ಬೇರೆಯಾಗಿ ಕಾಣುತ್ತದೆ. ಸುತ್ತಲಿನ ಬಣ್ಣವೇ ಇರುವವೂ ಉಂಟು, ಹಾಗಾಗಿ ಹಳದಿ ಇಲ್ಲ ಎಂದು ಕೈಬಿಡಬೇಡಿ.

ಆಮೇಲೆ ಆಕಾರ. ಗುಂಡಗೆ, ನಯವಾಗಿ, ಅಗಲ ಬುಡದ್ದು. ಕಾಂಡ ಇರುವುದಿಲ್ಲ. ತೆಳು ಬಟ್ಟೆಯ ಅಡಿಯಲ್ಲಿ ಕಡಲೆಕಾಳು ಇಟ್ಟ ಹಾಗೆ. ಬಟ್ಟೆ ಬೇರೆ, ಕಾಳು ಬೇರೆ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಮೂರನೆಯದು ಮೇಲ್ಮೈ. ಹತ್ತಿರ ಹೋಗಿ ಎನ್‌ಬಿಐ ಬಟನ್ (ಮೇಲ್ಮೈಯ ಗೆರೆ, ರಕ್ತನಾಳ ಎದ್ದು ಕಾಣಿಸುವ ವಿಶೇಷ ಬೆಳಕು) ಒತ್ತಿ. ಬೇರೆ ಕಂಪನಿಯ ಸ್ಕೋಪಿನಲ್ಲಿ ಇದೇ ಕೆಲಸದ ಬಟನ್‌ಗೆ ಬೇರೆ ಹೆಸರಿದೆ. ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಪಾಲಿಪ್) ಆದರೆ ಮೇಲ್ಮೈಯ ಗೆರೆಗಳು ಬದಲಾಗಿ, ಕಂದು ಬಣ್ಣಕ್ಕೆ ತಿರುಗಿ, ಸುತ್ತಲಿನ ಗೋಡೆಯಿಂದ ಒಂದು ಗಡಿ ಕಾಣುತ್ತದೆ. ನೆಟ್‌ನಲ್ಲಿ ಹಾಗಲ್ಲ. ಗೋಡೆಯ ಮೇಲಿರುವ ಸಣ್ಣ ಗುಂಡು ರಂಧ್ರಗಳೇ ಗಂಟಿನ ಮೇಲೂ ಮುಂದುವರಿಯುತ್ತವೆ, ಎಲ್ಲಿಯೂ ಗಡಿ ಇರುವುದಿಲ್ಲ. ಚರ್ಮ ಎಳೆದು ಬಿಗಿದಂತಾಗಿ ಅಲ್ಲೊಂದು ಇಲ್ಲೊಂದು ರಕ್ತನಾಳ ದಪ್ಪಗೆ ಕಾಣಬಹುದು. ‘ಉಬ್ಬು ಇದೆ, ಆದರೆ ಮೇಲ್ಮೈ ನಾರ್ಮಲ್’ ಎಂಬ ಜೋಡಿಯೇ ಸ್ನೇರ್ ಕೆಳಗಿಡುವುದಕ್ಕೆ ಸಾಕು. ನನ್ನ ಮಟ್ಟಿಗೆ ಹಳದಿ ಬಣ್ಣಕ್ಕಿಂತ ಇದು ಹೆಚ್ಚು ನಂಬಿಕೆಯ ಗುರುತು.

ನಾಲ್ಕನೆಯದು ಒತ್ತಿ ನೋಡುವುದು. ಬಯಾಪ್ಸಿ ಫೋರ್ಸೆಪ್ಸ್‌ನ ಬಾಯಿ ಮುಚ್ಚಿ, ತುದಿಯಿಂದ ಗಂಟನ್ನು ಮೆಲ್ಲಗೆ ದೂಡಿ. ನೆಟ್ ಗಟ್ಟಿ. ತಗ್ಗು ಬೀಳುವುದಿಲ್ಲ, ಆದರೆ ಮೇಲ್ಪದರದ ಕೆಳಗೆ ಆಚೀಚೆ ಸರಿಯುತ್ತದೆ. ಗಂಟು ಜರುಗದೆ ಗೋಡೆಗೆ ಕಚ್ಚಿಕೊಂಡಿದ್ದರೆ ಆಳಕ್ಕೆ ಇಳಿದಿರಬಹುದು ಎಂದು ಬರೆದಿಡಿ.

ಕೊನೆಯದಾಗಿ ನೆತ್ತಿ. ನಡುವೆ ತಗ್ಗು, ಸವೆತ, ಹುಣ್ಣು, ಕೆಂಪಾಗಿರುವುದು ಇದೆಯೇ? ಇವು ಇದ್ದರೆ ಅಳತೆ ಸಣ್ಣದಿದ್ದರೂ ‘ಸಣ್ಣದು, ಪರವಾಗಿಲ್ಲ’ ಅನ್ನಬೇಡಿ. ಹರಡುವ ಸಾಧ್ಯತೆ ಹೆಚ್ಚಿರುವ ಗಂಟಿನ ಗುರುತುಗಳು ಇವೇ.

ಒಂದು ಗಂಟು ಸಿಕ್ಕ ಖುಷಿಯಲ್ಲಿ ಸ್ಕೋಪ್ ಎಳೆಯಬೇಡಿ. ಕೆಲವರಲ್ಲಿ ರೆಕ್ಟಮ್‌ನಲ್ಲೇ ಇನ್ನೊಂದು ಇರುತ್ತದೆ.

ಮೋಸ ಮಾಡುವವು

ಲೈಪೋಮಾ, ಅಂದರೆ ಕೊಬ್ಬಿನ ಗಂಟು, ಮೊದಲನೆಯದು. ಅದೂ ಹಳದಿ, ಅದೂ ನಯ. ಆದರೆ ಒತ್ತಿದರೆ ಫೋರ್ಸೆಪ್ಸ್ ಒಳಗೆ ಹೂತು, ತೆಗೆದೊಡನೆ ತಗ್ಗು ತುಂಬಿಕೊಳ್ಳುತ್ತದೆ. ಪಿಲ್ಲೋ ಸೈನ್ ಅನ್ನುವುದು ಇದನ್ನೇ. ಲೈಪೋಮಾ ಬಲ ಕೊಲೊನ್‌ನಲ್ಲಿ ಜಾಸ್ತಿ, ರೆಕ್ಟಮ್‌ನಲ್ಲಿ ಕಡಿಮೆ. ರೆಕ್ಟಮ್‌ನಲ್ಲಿ ಗಟ್ಟಿ ಹಳದಿ ಗಂಟು ಸಿಕ್ಕರೆ ಲೈಪೋಮಾ ಎಂದು ಬರೆಯುವ ಮುನ್ನ ಎರಡು ಸಲ ಒತ್ತಿ ನೋಡಿ.

ಹೈಪರ್‌ಪ್ಲಾಸ್ಟಿಕ್ ಪಾಲಿಪ್ ರೆಕ್ಟಮ್‌ನಲ್ಲಿ ಬೇಕಾದಷ್ಟು. ಬಿಳಚು, ಚಪ್ಪಟೆ, ಗಾಳಿ ತುಂಬಿದರೆ ಮಾಯವಾಗುವಂಥವು. ನೆಟ್ ಸಿಕ್ಕಾಗ ಹೆಚ್ಚಾಗಿ ಇದೇ ಎಂದು ತಿಳಿದು ಕತ್ತರಿಸುವುದು. ಒಳಗಿನ ಪೈಲ್ಸ್, ಉಬ್ಬಿದ ರಕ್ತನಾಳ ನೀಲಿ, ಮೆತ್ತಗೆ. ಅದಕ್ಕೆ ಫೋರ್ಸೆಪ್ಸ್ ಹಾಕಿ ಕಚ್ಚಿದರೆ ರಕ್ತ ನಿಲ್ಲಿಸುತ್ತ ಕೂರಬೇಕಾಗುತ್ತದೆ. ಜಿಸ್ಟ್, ಲಿಯೋಮಯೋಮಾ, ಗ್ರಾನ್ಯುಲರ್ ಸೆಲ್ ಟ್ಯೂಮರ್ ಎಂಬ ಗೋಡೆಯೊಳಗಿನ ಬೇರೆ ಗಂಟುಗಳೂ ಕಣ್ಣಿಗೆ ಬಹುತೇಕ ಹೀಗೇ ಕಾಣಬಹುದು. ಅವುಗಳಿಗೂ ಮಾಡಬೇಕಾದ್ದು ಒಂದೇ: ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಹೆಂಗಸರಲ್ಲಿ ಮುಂಭಾಗದ ಗೋಡೆಯಲ್ಲಿ ಉಬ್ಬು ಇದ್ದು, ಮುಟ್ಟಿನ ಸಮಯದಲ್ಲಿ ನೋವು, ರಕ್ತ ಇದ್ದರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ನೆನಪಿರಲಿ.

ಹಂತ 5: ಅಳತೆ ಮತ್ತು ಫೋಟೊ

ಇಲ್ಲಿ ಮಿಲಿಮೀಟರ್‌ಗೆ ಬೆಲೆ ಇದೆ. ರೆಕ್ಟಲ್ ನೆಟ್‌ 10 ಮಿ.ಮೀ.ಗಿಂತ ಸಣ್ಣದಿದ್ದರೆ ಹರಡಿರುವ ಸಾಧ್ಯತೆ ನೂರಕ್ಕೆ ಮೂರರ ಆಸುಪಾಸು ಅಥವಾ ಅದಕ್ಕೂ ಕಡಿಮೆ. 10ರಿಂದ 20ರ ನಡುವೆ ಅದು ನೂರಕ್ಕೆ ಹತ್ತು-ಹದಿನೈದಕ್ಕೆ ಏರುತ್ತದೆ. 20 ದಾಟಿದರೆ ಅರ್ಧಕ್ಕಿಂತ ಹೆಚ್ಚು. ಕಣ್ಣಂದಾಜಿನಲ್ಲಿ 8 ಎಂದು ಬರೆದದ್ದು ನಿಜಕ್ಕೂ 12 ಆಗಿದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಹಾಗಾಗಿ ಪಕ್ಕದಲ್ಲಿ ಗೊತ್ತಿರುವ ಅಳತೆಯ ವಸ್ತು ಇಡಿ. ಬಾಯಿ ತೆರೆದ ಫೋರ್ಸೆಪ್ಸ್, ಅಥವಾ 10 ಮಿ.ಮೀ. ಸ್ನೇರ್ ಬಿಚ್ಚಿ ಪಕ್ಕಕ್ಕೆ ಹಿಡಿದರೂ ಸಾಕು. ನಿಮ್ಮ ಫೋರ್ಸೆಪ್ಸ್ ಪೂರ್ತಿ ತೆರೆದಾಗ ಎಷ್ಟು ಅಗಲ ಎಂದು ಒಮ್ಮೆ ಹೊರಗೆ ಸ್ಕೇಲ್ ಇಟ್ಟು ಅಳೆದು ರೂಮಿನ ಗೋಡೆಗೆ ಬರೆದು ಅಂಟಿಸಿ.

ಫೋಟೊ ಕನಿಷ್ಠ ಇಷ್ಟು ಬೇಕು: ದೂರದಿಂದ ಮಡಿಕೆಗಳ ಜೊತೆ, ಹತ್ತಿರದಿಂದ ಬಿಳಿ ಬೆಳಕಲ್ಲಿ, ಎನ್‌ಬಿಐನಲ್ಲಿ, ಅಳತೆಯ ಜೊತೆ, ಫೋರ್ಸೆಪ್ಸ್ ಒತ್ತುವಾಗ. ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಕುಗ್ಗಿಸಿ, ಬಣ್ಣ ಕೆಡಿಸಿ ಕಳಿಸುತ್ತದೆ. ಒಂದು ಪೆನ್‌ಡ್ರೈವ್ ರೋಗಿಯ ಕೈಗೂ ಕೊಡಿ. ಘಟ್ಟದ ಮೇಲೆ ನೆಟ್‌ವರ್ಕ್ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ, ನಮಗೆ ಗೊತ್ತೇ ಇದೆ.

ಜಾಗ ಬರೆಯುವುದು ಸ್ಕೋಪ್ ನೇರವಿದ್ದಾಗ, ಹೊರಬರುವಾಗಿನ ಅಳತೆಯಲ್ಲಿ. ಗೋಡೆ ಯಾವುದೆಂದು ಗೊಂದಲವಾದರೆ ನೀರು ನೋಡಿ. ಎಡ ಮಗ್ಗುಲಿಗೆ ಮಲಗಿಸಿದ ರೋಗಿಯಲ್ಲಿ ನೀರು ನಿಲ್ಲುವ ಕಡೆ ಎಡ ಗೋಡೆ.

ಹಂತ 6: ಸ್ನೇರ್ ಕೆಳಗಿಡಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಕೈಯಲ್ಲಿ ಸ್ನೇರ್ ಇದೆ, ಗಂಟು ಎದುರಿಗಿದೆ, ಮನೆಯವರು ಹೊರಗೆ ‘ಇದ್ದರೆ ತೆಗೆದುಬಿಡಿ ಡಾಕ್ಟ್ರೇ’ ಎಂದು ಹೇಳಿಯೇ ಕೂತಿದ್ದಾರೆ. ಆದರೂ ಬೇಡ. ನೆಟ್ ಮ್ಯೂಕೋಸಾದ (ಕರುಳಿನ ಒಳಪದರ) ಆಳದಲ್ಲಿ ಹುಟ್ಟಿ ಅದರ ಕೆಳಗಿನ ಪದರವಾದ ಸಬ್‌ಮ್ಯೂಕೋಸಾಕ್ಕೆ ಇಳಿದಿರುತ್ತದೆ. ಕೋಲ್ಡ್ ಸ್ನೇರ್ ಅಷ್ಟು ಆಳ ಮುಟ್ಟುವುದೇ ಇಲ್ಲ. ಸಾಮಾನ್ಯ ಹಾಟ್ ಸ್ನೇರ್ ಕೂಡ ಹಲವು ಸಲ ಬುಡ ಬಿಟ್ಟು ಬರುತ್ತದೆ, ಮೇಲಿಂದ ಸುಟ್ಟ ಅಂಚಿನಿಂದ ಮಾರ್ಜಿನ್ ಓದಲೂ ಕಷ್ಟ. ಇದಕ್ಕೆ ಬೇಕಾದ್ದು ಬ್ಯಾಂಡ್ ಹಾಕಿ ಮಾಡುವ ಇಎಂಆರ್ (ಗಂಟನ್ನು ಮೇಲೆತ್ತಿ ಕೆಳಪದರದ ಸಮೇತ ಕತ್ತರಿಸುವುದು), ಕ್ಯಾಪ್ ಇಎಂಆರ್ ಅಥವಾ ಇಎಸ್‌ಡಿ. ಅದೂ ಅಲ್ಟ್ರಾಸೌಂಡ್‌ನಲ್ಲಿ ಆಳ ನೋಡಿದ ಮೇಲೆ. ಸಾಧನ ಮತ್ತು ಕೈ ಎರಡೂ ನಿಮ್ಮಲ್ಲೇ ಇದ್ದರೆ ನೀವೇ ಮಾಡಿ, ಬೇಡ ಅನ್ನುವವರಾರು.

ಬಯಾಪ್ಸಿ ತೆಗೆಯಬೇಕೇ? ಇದರಲ್ಲಿ ಬಲ್ಲವರಲ್ಲೇ ಮಾತು ಬೇರೆ ಬೇರೆ ಇದೆ. ತೆಗೆದರೆ ಹೆಸರು ಖಚಿತವಾಗುತ್ತದೆ, ಆದರೆ ಆ ಜಾಗ ಗಾಯ ಮಾಯುವಾಗ ಗಟ್ಟಿಯಾಗಿ ಮುಂದಿನ ಇಎಸ್‌ಡಿಗೆ ಅಡ್ಡ ಬರಬಹುದು. ನನ್ನ ಅಭಿಪ್ರಾಯ ಹೀಗೆ. ರೋಗಿ ಖಂಡಿತ ಮುಂದೆ ಹೋಗುತ್ತಾರೆ ಎಂದರೆ ಮುಟ್ಟಬೇಡಿ. ‘ಕಾಗದದಲ್ಲಿ ರೋಗದ ಹೆಸರು ಬರದೆ ನಾವು ಘಟ್ಟ ಇಳಿಯುವುದಿಲ್ಲ’ ಅನ್ನುವ ಮನೆಯಾದರೆ ಒಂದೇ ಜಾಗದಿಂದ ಒಂದೆರಡು ತುಣುಕು ತೆಗೆದು ಕಳಿಸಿ. ಹೆಸರೇ ಇಲ್ಲದೆ ರೋಗಿ ಕಳೆದುಹೋಗುವುದಕ್ಕಿಂತ ಅದು ವಾಸಿ. ಗಂಟಿನ ಅಡಿಗೆ ಟ್ಯಾಟೂ ಇಂಕ್ (ಜಾಗದ ಗುರುತಿಗೆ ಹಾಕುವ ಶಾಯಿ) ಮಾತ್ರ ಚುಚ್ಚಬೇಡಿ.

ರಿಪೋರ್ಟ್ ಹೀಗಿರಲಿ

‘ರೆಕ್ಟಮ್‌ನಲ್ಲಿ ಸಣ್ಣ ಪಾಲಿಪ್’ ಎಂದು ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ: ‘ಏನಲ್ ವರ್ಜ್‌ನಿಂದ (ಗುದದ್ವಾರದ ಅಂಚು) 7 ಸೆಂ.ಮೀ., ಎಡ ಗೋಡೆ, ತೆರೆದ ಫೋರ್ಸೆಪ್ಸ್ ಪಕ್ಕ ಇಟ್ಟು ಅಳೆದಂತೆ 6 ಮಿ.ಮೀ., ನಸು ಹಳದಿ, ನಯವಾದ ಸಬ್‌ಮ್ಯೂಕೋಸಲ್ ಗಂಟು. ಮೇಲ್ಮೈ ನಾರ್ಮಲ್, ತಗ್ಗು-ಹುಣ್ಣು ಇಲ್ಲ. ಒತ್ತಿದರೆ ಗಟ್ಟಿ, ಜರುಗುತ್ತದೆ. ನೆಟ್ ಶಂಕೆ. ಬಯಾಪ್ಸಿ ಮಾಡಿಲ್ಲ, ತೆಗೆದಿಲ್ಲ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ಗೆ ಕಳಿಸಲಾಗಿದೆ.’ ‘ತೆಗೆದಿಲ್ಲ’ ಎಂಬ ಪದ ದಪ್ಪ ಅಕ್ಷರದಲ್ಲಿರಲಿ.

ಈಗಾಗಲೇ ತೆಗೆದಾಗಿದ್ದರೆ

ಇದೇ ಹೆಚ್ಚು ನಡೆಯುವುದು. ಎಲ್ಲೆಡೆಯೂ ಬಹಳಷ್ಟು ರೆಕ್ಟಲ್ ನೆಟ್ ಗೊತ್ತಾಗುವುದು ಪ್ಯಾಥಾಲಜಿ ರಿಪೋರ್ಟ್ ಬಂದ ಮೇಲೆಯೇ. ಆಗ ತಡಮಾಡಬಾರದು. ಗಾಯದ ಕಲೆ ಕೆಲವು ವಾರಗಳಲ್ಲಿ ಮಸುಕಾಗಿ ಹುಡುಕಲು ಸಿಗುವುದಿಲ್ಲ. ಬೇಗ ಮತ್ತೆ ಸ್ಕೋಪ್ ಹಾಕಿ, ಕಲೆ ಗುರುತಿಸಿ, ಫೋಟೊ ತೆಗೆದು, ಅಲ್ಟ್ರಾಸೌಂಡ್‌ಗೆ ಕಳಿಸಿ. ಮಾರ್ಜಿನ್ ಪಾಸಿಟಿವ್ ಇದ್ದರೆ ಕಲೆಯನ್ನೇ ಇಎಸ್‌ಡಿ ಅಥವಾ ಪೂರ್ತಿ ಗೋಡೆಯ ದಪ್ಪಕ್ಕೆ ಕತ್ತರಿಸುವ ವಿಧಾನದಲ್ಲಿ ತೆಗೆಯಬೇಕಾಗಬಹುದು.

ಲ್ಯಾಬ್ ಫಾರ್ಮ್‌ನಲ್ಲಿ ‘ಪಾಲಿಪ್’ ಎಂದಷ್ಟೇ ಬರೆಯದೆ ನೆಟ್ ಶಂಕೆ ಎಂದು ಬರೆಯಿರಿ. ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಕಿ-67 ಬೇಕೆಂದು ಕೇಳಿ. ಮೊದಲೆರಡು ನೆಟ್ ಎಂದು ಗುರುತಿಸಲು, ಕಿ-67 ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂದು ತಿಳಿಯಲು. ರೆಕ್ಟಮ್‌ನ ನೆಟ್‌ನಲ್ಲಿ ಕ್ರೋಮೋಗ್ರಾನಿನ್ ಹಲವು ಸಲ ನೆಗೆಟಿವ್ ಬರುತ್ತದೆ, ಅದೊಂದನ್ನೇ ನಂಬಬೇಡಿ. ಕಿ-67 ಶೇ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1, 3ರಿಂದ 20 ಗ್ರೇಡ್ 2, ಅದಕ್ಕಿಂತ ಮೇಲೆ ಗ್ರೇಡ್ 3. ಕೋಶ ವಿಭಜನೆಯ ಎಣಿಕೆಯನ್ನೂ ಜೊತೆಗಿಟ್ಟು ನೋಡುತ್ತಾರೆ. ರಕ್ತನಾಳ, ಲಿಂಫ್ ನಾಳದೊಳಗೆ ಹೊಕ್ಕಿದೆಯೇ ಎಂಬುದು ರಿಪೋರ್ಟ್‌ನಲ್ಲಿ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಮನೆಯವರ ಜೊತೆ ಮಾತು

ಹೊರಗೆ ಬಂದ ಕೂಡಲೇ ಮಗಳೋ ಮಗನೋ ಮೊಬೈಲಿನಲ್ಲಿ ಹುಡುಕುತ್ತಾರೆ. ಮೊದಲು ಸಿಗುವುದು ನಟ ಇರ್ಫಾನ್ ಖಾನ್ ಸುದ್ದಿ. 2018ರಲ್ಲಿ ತನಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಎಂದು ಅವರೇ ಹೇಳಿದ್ದರು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಲ್ಲಿಗೆ ಮನೆಯವರ ಕೈಕಾಲು ತಣ್ಣಗಾಗುತ್ತದೆ.

‘ಕ್ಯಾನ್ಸರಾ ಡಾಕ್ಟ್ರೇ? ನಮ್ಮ ಹತ್ರ ಮುಚ್ಚಿಡಬೇಡಿ.’

‘ಮುಚ್ಚಿಡೋದು ಎಂತಕ್ಕೆ ತಂಗಿ. ಇದು ಹೆಸರು ಒಂದೇ, ಜಾತಿ ಬೇರೆ. ಅಪ್ಪಯ್ಯನ ಗಂಟು ಆರು ಮಿಲಿಮೀಟರ್. ನಿಧಾನ ಬೆಳೆಯುವ ತರದ್ದು ಅಂತ ಕಾಣುತ್ತದೆ. ಆದರೆ ಬಿಡುವ ಹಾಗಿಲ್ಲ. ಸರಿಯಾದ ಕಡೆ ಬುಡಸಮೇತ ತೆಗೆಸಬೇಕು.’

‘ಇವತ್ತೇ ತೆಗೀಬಹುದಿತ್ತಲ್ಲ?’

‘ತೆಗೆದರೆ ಅರ್ಧ ಬರುತ್ತಿತ್ತು. ಪೂರ್ತಿ ತೆಗೆಯುವವರ ಹತ್ರ ಕಳಿಸ್ತೇನೆ. ಹೋಗದೇ ಇರಬೇಡಿ ಮತ್ತೆ.’

ಇಷ್ಟು ಸಾಕು. ಮಳೆಗಾಲವಾಗಿದ್ದರೆ ಇನ್ನೊಂದು ಮಾತು ಸೇರಿಸಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ಯಾರೂ ಮರೆತಿಲ್ಲ. 10 ಮಿ.ಮೀ.ಗಿಂತ ಸಣ್ಣ, ನೆತ್ತಿಯಲ್ಲಿ ಹುಣ್ಣಿಲ್ಲದ ಗಂಟಾದರೆ ದಾರಿ ಸರಿಯಾಗುವವರೆಗೆ ಕೆಲವು ವಾರ ಕಾದರೆ ನಷ್ಟವಿಲ್ಲ. ಆದರೆ ಹೆಸರು, ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದಿಟ್ಟು ಸಿಸ್ಟರ್ ಫೋನ್ ಮಾಡಲೇಬೇಕು. ಅಡಿಕೆ ಕೊಯ್ಲು, ಮದುವೆ, ಹಬ್ಬ ಎಂದು ಮುಂದೆ ಹಾಕುತ್ತ ಹೋದರೆ ವರ್ಷ ಕಳೆದದ್ದೇ ಗೊತ್ತಾಗುವುದಿಲ್ಲ.

ಮುಂದಿನ ಪರೀಕ್ಷೆಗಳು

10 ಮಿ.ಮೀ. ದಾಟಿದ್ದರೆ, ನೆತ್ತಿಯಲ್ಲಿ ತಗ್ಗಿದ್ದರೆ, ಅಥವಾ ಗ್ರೇಡ್ 2 ಬಂದರೆ ಪೆಲ್ವಿಸ್ ಎಂಆರ್‌ಐ ಬೇಕು. 20 ದಾಟಿದರೆ ಹೊಟ್ಟೆ, ಎದೆಯ ಸಿಟಿ ಮತ್ತು ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ (ನೆಟ್ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುವುದು), ಆಮೇಲೆ ಹೆಚ್ಚಾಗಿ ಆಪರೇಷನ್.

ಸಣ್ಣ ರೆಕ್ಟಲ್ ನೆಟ್‌ಗೆ ಮೂತ್ರದ 5-ಎಚ್‌ಐಎಎ ಪರೀಕ್ಷೆ (ಗಂಟು ಬಿಡುವ ಹಾರ್ಮೋನಿನ ಅಂಶ ಅಳೆಯುವುದು) ಸುಮ್ನೆ ದುಡ್ಡು ದಂಡ. ಅದು ಬೇಕಾಗುವುದು ಇಲಿಯಮ್‌ನ ಶಂಕೆ ಇದ್ದಾಗ, ಮುಖ ಕೆಂಪಾಗುವುದು, ಭೇದಿ ಇದ್ದಾಗ. ಬರೆದುಕೊಟ್ಟರೆ 24 ಗಂಟೆಯ ಮೂತ್ರ ಹಿಡಿಯುವ ಮೂರು ದಿನ ಮೊದಲಿನಿಂದ ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟ್ ಬೇಡವೆಂದು ಬಿಡಿಸಿ ಹೇಳಿ. ಬನವಾಸಿ ಕಡೆಯವರಿಗೆ ಅನಾನಸ್ ಸೀಸನ್‌ನಲ್ಲಿ ಇದನ್ನು ಎರಡು ಸಲ ಹೇಳಬೇಕು. ಇವು ತಿಂದರೆ ಕಾಯಿಲೆ ಇಲ್ಲದವರಲ್ಲೂ ರಿಪೋರ್ಟ್ ಏರಿ ಬರುತ್ತದೆ. ರಕ್ತದ ಕ್ರೋಮೋಗ್ರಾನಿನ್ ಕೂಡ ಹಾಗೇ. ಗ್ಯಾಸ್‌ಗೆಂದು ದಿನಾ ಪ್ಯಾಂಟಪ್ರಜೋಲ್ ನುಂಗುವವರಲ್ಲಿ ಸುಮ್ಮನೆ ಏರಿರುತ್ತದೆ.

10 ಮಿ.ಮೀ.ಗಿಂತ ಸಣ್ಣ, ಗ್ರೇಡ್ 1, ಬುಡಸಮೇತ ಬಂದಿದೆ, ನಾಳಗಳಿಗೆ ಹೊಕ್ಕಿಲ್ಲ ಎಂದಾದರೆ ಯುರೋಪಿನ ಮಾರ್ಗಸೂಚಿಯ ಪ್ರಕಾರ ಆ ಗಂಟಿಗಾಗಿ ಮತ್ತೆ ಮತ್ತೆ ಸ್ಕ್ಯಾನ್ ಬೇಕಿಲ್ಲ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಫಾಲೋಅಪ್ ಎಷ್ಟು ತಿಂಗಳಿಗೊಮ್ಮೆ, ಎಲ್ಲಿ, ಯಾವ ಪರೀಕ್ಷೆ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಂಡು ಬರಲು ಮನೆಯವರಿಗೆ ಹೇಳಿಟ್ಟಿರಿ. ಅದರ ಒಂದು ಫೋಟೊ ನಿಮ್ಮ ಪುಸ್ತಕದಲ್ಲೂ ಇರಲಿ.